ಎತ್ತುವವನು ಪೆರುಮಾಳ್, ಹೆಸರು ಅಕ್ಕನದು

ಪೆರುಮಾಳನ ಮೊದಲ ಪರಿಚಯವಾದದ್ದು ನಡುಬೀದಿಯಲ್ಲಿ, ಅವನು ಅಂಗಾತ ಮಲಗಿದ್ದಾಗ. ಶಾಲೆಯೊಂದರ ವ್ಯಾನು ಪಳನಿಯ ಪ್ರವಾಸ ಮುಗಿಸಿ ಮರಳುವಾಗ, ಉತ್ತಮಪಾಳಯಂ ಇನ್ನೂ ಎರಡು ಮೈಲಿ ಇದೆಯೆನ್ನುವಾಗ, ಹಿಂದಿನ ಕಮಾನುಪಟ್ಟಿಯನ್ನು ಮುರಿದುಕೊಂಡು ನಿಂತಿತ್ತು. ಮಕ್ಕಳು ಬಾಳೆತೋಟದ ನೆರಳಿನಲ್ಲಿ ಕುಳಿತು ಉಳಿದ ಪುಳಿಯೋಗರೆಯನ್ನು ತಿನ್ನುತ್ತಿದ್ದರು. ವ್ಯಾನಿನ ಅಡಿಯಿಂದ ಎರಡು ಪಾದಗಳಷ್ಟೇ ಕಾಣುತ್ತಿದ್ದವು. ಒಂದೂವರೆ ಗಂಟೆಯ ಮೇಲೆ ಆ ಪಾದಗಳ ಒಡೆಯ ಹೊರಗೆ ಬಂದ. ಜೊತೆಯಲ್ಲಿದ್ದ ಮೇಷ್ಟರು ಉಪಕಾರ ಸ್ಮರಿಸಿದರೆ ಅವನು ಕೈ ಒರೆಸಿಕೊಳ್ಳುತ್ತಾ ಹೇಳಿದ:

"ವಾತಿಯಾರೇ, ಯಾರಾದ್ರೂ ಕೇಳಿದ್ರೆ ಪೆರುಮಾಳ್ ಮಾಡಿದ್ದು ಅಂತ ಹೇಳಿ. ಅಂಗಡಿ ಅಂತ ಹೇಳ್‌ಬೇಡಿ."

"ಅದ್ಯಾಕಪ್ಪಾ?"

"ಅಂಗಡಿ ಅಂದ್ರೆ ಎಲ್ಲಾ ಅಕ್ಕನ ಅಂಗಡಿ ಅಂತಾರೆ."

ಆ ಅಕ್ಕ ಬೇರೆ ಯಾರೂ ಅಲ್ಲ, ಅವನ ಹೆಂಡತಿ ಅಮುದಾ.

ಕಂಬಂ ರಸ್ತೆಯಲ್ಲಿರುವ ಅವರ ಅಂಗಡಿಗೆ ಎರಡು ಅಂಕಣ. ಎಡಗಡೆಯದು ಪೆರುಮಾಳನದು. ಏಲಕ್ಕಿ ತೋಟಗಳ ಕಲ್ಲುಹಾದಿಯಲ್ಲಿ ಹೊಟ್ಟೆ ಉಜ್ಜದಂತೆ ಪಿಕಪ್ ಗಾಡಿಗಳನ್ನು ಅಲ್ಲಿ ಎತ್ತರಿಸುತ್ತಾನೆ. ಕಮಾನಿಗೆ ಪಟ್ಟಿ ಸೇರಿಸುವುದು, ಅದನ್ನು ತೂಗುಹಾಕುವ ಕೊಂಡಿ ಉದ್ದ ಮಾಡುವುದು, ತುಕ್ಕು ಹಿಡಿದ ಬೋಲ್ಟುಗಳೊಡನೆ ಗುದ್ದಾಡುವುದು, ಇದು ಎರಡು ದಿನದ ಮೈಮುರಿವ ಕೆಲಸ. ಹಾಗೆ ಎತ್ತರಿಸಿದ ಗಾಡಿ ನೆಟ್ಟಗೆ ಓಡಬೇಕಾದರೆ ಚಕ್ರಗಳನ್ನು ಮತ್ತೆ ಒಂದು ಸಾಲಿಗೆ ತರಬೇಕು. ಅದಕ್ಕೆ ಬಲಗಡೆಯ ಅಂಕಣದಲ್ಲಿ ಅಮುದಾಳ ಯಂತ್ರವಿದೆ. ಅವಳು ಚಕ್ರಗಳಿಗೆ ಓರೆಕೋರೆ ಅಳೆಯುವ ನಾಲ್ಕು ಯಂತ್ರಗಣ್ಣುಗಳನ್ನು ಕಚ್ಚಿಸಿ, ಪರದೆಯ ಮೇಲೆ ಕೆಂಪಾಗಿದ್ದ ಅಂಕಿಗಳು ಹಸಿರಾಗುವ ತನಕ ಸರಿಪಡಿಸುತ್ತಾಳೆ. ಮುಕ್ಕಾಲು ಗಂಟೆಯ ಕೆಲಸ. ಸೀರೆಗೆ ಒಂದು ಕಲೆಯಿಲ್ಲ. ಗಾಡಿ ಬಾಣದಂತೆ ಓಡುವುದನ್ನು ಕಂಡ ಚಾಲಕರು ಹಿಂದಿರುಗಿ ಬಂದು ಕೈಮುಗಿಯುವುದು ಅವಳಿಗೇ.

ಅದನ್ನು ಕಂಡಾಗಲೆಲ್ಲ ಪೆರುಮಾಳ್ ಸುತ್ತಿಗೆಯನ್ನು ಇನ್ನಷ್ಟು ಜೋರಾಗಿ ಬಡಿಯುತ್ತಿದ್ದ. ತಾಯಿ ಮಾರಿಯಮ್ಮಾಳಾದರೂ ಅವನ ಪಕ್ಷವೇ ಎಂದರೆ ಅದೂ ಇಲ್ಲ. "ನಿನ್ ಹೆಂಡ್ತಿ ಕೈ ಬಿದ್ರೆ ವಂಡಿ ಹಸುವಿನಂಗೆ ಹೋಯ್ತದೆ ಕಣ್ಲಾ" ಎಂದು ಆಕೆ ಬೀದಿಗೆಲ್ಲ ಕೇಳುವಂತೆ ಹೊಗಳುತ್ತಿದ್ದಳು. ಒಬ್ಬನೇ ಒಬ್ಬ ಚಾಲಕ ಒಂದೇ ಒಂದು ಸಲ "ಇದು ಪೆರುಮಾಳಣ್ಣನ ಕೆಲಸ" ಎಂದರೆ ಸಾಕಿತ್ತು. ಅಷ್ಟಕ್ಕಾಗಿ ಅವನು ಏಳು ವರ್ಷ ಕಾದಿದ್ದ.

ಈ ವರ್ಷ ಪೊಂಗಲ್ ಹತ್ತಿರವಾದಾಗ ಅಮುದಾ ತಂಗಿಯ ಮಗುವಿನ ನಾಮಕರಣಕ್ಕೆಂದು ನಾಲ್ಕು ದಿನ ಪೆರಿಯಕುಳಂಗೆ ಹೋದಳು. ಆಗಲೇ ತಮಿಳ್‌ಸೆಲ್ವನ್ ಬಂದ. ಅವನು ಕುಮಳಿ ಘಟ್ಟದ ಮೇಲಿನ ತೋಟವೊಂದರ ಚಾಲಕ. ಗಾಡಿಯನ್ನು ಎತ್ತರಿಸಬೇಕು, ದನಗಳ ಹಬ್ಬವಾದ ಮಾಟ್ಟುಪೊಂಗಲ್ ದಿನ ಅದನ್ನು ಕುಲದ ಹಸುಗಳನ್ನು ಕಟ್ಟುವ ತೊಳುವಿನ ಮುಂದೆ ನಿಲ್ಲಿಸಿ ಕೈಮುಗಿದು ಮೇಲಕ್ಕೆ ಒಯ್ಯಬೇಕು ಎಂದ. ಪೆರುಮಾಳ್ ಎರಡು ದಿನದಲ್ಲಿ ಎತ್ತರಿಸಿ ಮುಗಿಸಿದ.

"ಅಕ್ಕ ಎಂದು ಬರ್ತಾಳೆ ಅಣ್ಣಾ? ಚಕ್ರ ಕೂಡಿಸಬೇಕಲ್ಲಾ."

"ಅಕ್ಕ ಯಾಕೆ? ನಮ್ಮ ಅಪ್ಪನ ಕಾಲದಲ್ಲಿ ಯಾವ ಅಕ್ಕ ಇದ್ದಳು? ನೂಲಲ್ಲೇ ಕೂಡಿಸ್ತೀನಿ, ನೋಡು."

ಗಾಡಿಯ ಎರಡೂ ಬದಿಗೆ ನೂಲು ಎಳೆದು, ಅಳತೆಪಟ್ಟಿ ಹಿಡಿದು, ಮುಂದಿನ ಚಕ್ರಗಳನ್ನು ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದಂತೆ ಸರಿಮಾಡಿದ. ನೂಲಿನ ಕೆಲಸದಲ್ಲಿ ಅವನ ಕೈ ತಪ್ಪುವುದಿಲ್ಲ. ಸಮತಟ್ಟಾದ ರಸ್ತೆಯಲ್ಲಿ ಗಾಡಿ ನೆಟ್ಟಗೆ ಓಡಿತು. "ಪರವಾಗಿಲ್ಲಣ್ಣಾ, ನೀನೂ ಮಾಡ್ತೀಯ" ಎಂದ ತಮಿಳ್‌ಸೆಲ್ವನ್. ಆ 'ನೀನೂ' ಎಂಬ ಮಾತು ಚುಚ್ಚಿದರೂ ಪೆರುಮಾಳ್ ಅದನ್ನು ಹೊಗಳಿಕೆಯೆಂದೇ ಇಟ್ಟುಕೊಂಡ. ಅಮುದಾ ಮರಳಿದ ಮೇಲೂ ಈ ಗಾಡಿಯ ವಿಷಯವನ್ನು ಅವಳಿಗೆ ಹೇಳಲಿಲ್ಲ. ತಮಿಳ್‌ಸೆಲ್ವನ್ ಬಂದು ಅವಳೆದುರಿಗೇ ಹೇಳಲಿ ಎಂದು ಕಾದ.

ಹತ್ತನೆಯ ದಿನ ಅವನು ಬಂದ. ಬಂದವನು ನೇರವಾಗಿ ಬಲಗಡೆಯ ಅಂಕಣಕ್ಕೆ ನಡೆದ.

"ಅಕ್ಕಾ, ತಿರುವಲ್ಲಿ ಸ್ಟೇರಿಂಗ್ ತಿರುಗಿಸಿದ್ರೆ ಹಿಂದಕ್ಕೇ ಬರಕಿಲ್ಲ. ಘಟ್ಟ ಇಳಿಯೋವಾಗ ವಂಡಿ ಕುಡಿದವನಂಗೆ ಆಡ್ತೈತೆ. ಭುಜ ಎರಡೂ ಊದಿಹೋಗೈತೆ."

ಅಮುದಾ ಗಾಡಿಯನ್ನು ಹತ್ತಿಸಿ ಕಣ್ಣುಗಳನ್ನು ಕಚ್ಚಿಸಿದಳು. ಪೆರುಮಾಳ್ ಸುತ್ತಿಗೆಯನ್ನು ಕೆಳಗಿಟ್ಟು ಬಂದು ನಿಂತ. ಚಕ್ರಗಳ ಸಾಲು ಹಸಿರಾಗಿಯೇ ಇತ್ತು. ಅದರ ಕೆಳಗಿನ ಅಂಕಿ ಮಾತ್ರ ಕೆಂಪು. ಕೊಂಡಿ ಉದ್ದವಾದಾಗ ಮುಂದಿನ ಅಚ್ಚು ಇರಬೇಕಾದ ಓರೆ ಬಿಟ್ಟು ಮುಂದಕ್ಕೆ ಹೊರಳಿತ್ತು. ಚಕ್ರಗಳನ್ನು ತಾವಾಗಿ ನೇರಕ್ಕೆ ಮರಳಿಸುವುದು ಆ ಓರೆಯೇ. ಅದು ನೂಲಿಗೆ ಸಿಗುವ ದೋಷವಲ್ಲ.

"ಹೀಗೆ ಕೂಡಿಸಿ ಇದನ್ನ ಯಾರು ಕಳಿಸಿದ್ದು?" ಎಂದಳು ಅಮುದಾ. ಅವಳಿಗೆ ನಿಜವಾಗಿಯೂ ಗೊತ್ತಿರಲಿಲ್ಲ.

ತಮಿಳ್‌ಸೆಲ್ವನ್ ನೆಲ ನೋಡಿದ. ಒಳ್ಳೆಯ ಹುಡುಗ, ಹಿರಿಯನನ್ನು ಬಿಟ್ಟುಕೊಡಲು ಮನಸ್ಸಿಲ್ಲ. ಪೆರುಮಾಳ್ ಸುಮ್ಮನಿದ್ದರೂ ಆಗುತ್ತಿತ್ತು. ಊರಿನ ಬೇರೆ ಯಾವುದೋ ಅಂಗಡಿಯೆಂದರೂ ನಡೆಯುತ್ತಿತ್ತು.

"ನಾನೇ. ಪೆರುಮಾಳ್ ಮಾಡಿದ್ದು" ಎಂದ.

ಏಳು ವರ್ಷ ಬೇರೆಯವರ ಬಾಯಿಂದ ಬರಲೆಂದು ಕಾದ ಮಾತನ್ನು ಕೊನೆಗೆ ತಾನೇ ಹೇಳಬೇಕಾಯಿತು, ಅದೂ ಕೆಟ್ಟ ಕೆಲಸಕ್ಕೆ.

ಅಮುದಾ ಗಂಡನ ಕಡೆ ತಿರುಗಿದಳು. "ಇವನಿಗೆ ಹೆಂಡ್ತಿ ಮಕ್ಕಳು ಇಲ್ಲವಾ, ಮಾಮಾ? ಘಟ್ಟದಲ್ಲಿ ಏನಾದ್ರೂ ಆಗಿದ್ರೆ?" ಎಂದಳು, ದನಿ ಏರಿಸದೆ. ಆಮೇಲೆ, "ಮೂರು ಡಿಗ್ರಿ ಆಪು ಬೇಕು. ಅದನ್ನ ನೀನೇ ಕೊಯ್ಯಬೇಕು, ನನಗೆ ಬರಕಿಲ್ಲ."

ಬೆಣೆಯಂಥ ಆ ಎರಡು ಉಕ್ಕಿನ ತುಂಡುಗಳನ್ನು ಅವನು ಮಧ್ಯಾಹ್ನವೆಲ್ಲ ಕುಳಿತು ಅರದಿಂದ ಉಜ್ಜಿದ. ಕಮಾನಿಗೂ ಅಚ್ಚಿಗೂ ನಡುವೆ ಅವನ್ನು ಸೇರಿಸಿ ಬಿಗಿದ ಮೇಲೆ ಕೆಂಪು ಅಂಕಿ ಹಸಿರಾಯಿತು. ತಮಿಳ್‌ಸೆಲ್ವನ್ ಒಂದು ಸುತ್ತು ಓಡಿಸಿಕೊಂಡು ಬಂದು ಕಿಟಕಿಯಿಂದ ತಲೆ ಹೊರಹಾಕಿ, "ಅಕ್ಕಾ, ಬೆಣ್ಣೆಯಂಗೈತೆ" ಎಂದ. ಕೈತುಂಬ ಉಕ್ಕಿನ ಪುಡಿ ಮೆತ್ತಿಕೊಂಡ ಪೆರುಮಾಳ್ ಪಕ್ಕದಲ್ಲೇ ನಿಂತಿದ್ದ.

ಹೆಂಡತಿಯಿಂದ ಯಂತ್ರ ಕಲಿಯಲು ಅವನ ಮನಸ್ಸು ಒಪ್ಪಲಿಲ್ಲ. ಈಗ ಪ್ರತಿ ಭಾನುವಾರ ಮೊದಲ ಬಸ್ಸು ಹಿಡಿದು ದಿಂಡಿಗಲ್ಲಿಗೆ ಹೋಗುತ್ತಾನೆ. ಅಲ್ಲಿ ಟೈರಿನ ಅಂಗಡಿಯೊಂದರಲ್ಲಿ ಪರದೆಯ ಅಂಕಿಗಳನ್ನು ಓದುವುದನ್ನು ಕಲಿಯುತ್ತಿದ್ದಾನೆ. ಹಿಂದೆ ಅಮುದಾಳಿಗೂ ಕಲಿಸಿದ್ದ ಅಲ್ಲಿನ ಯಜಮಾನ ಆಗಾಗ, "ಅಮುದಾ ಇದನ್ನ ಹದಿನೈದು ದಿನದಲ್ಲಿ ಕಲಿತಳಪ್ಪಾ" ಎನ್ನುತ್ತಾನಂತೆ. ಇವನಿಗೆ ಐದನೆಯ ತಿಂಗಳು ನಡೆಯುತ್ತಿದೆ. ಆ ಮಾತನ್ನು ಮನೆಯಲ್ಲಿ ಹೇಳಿಲ್ಲ. ಭಾನುವಾರಗಳಲ್ಲಿ ಅಮುದಾ ಎಡಗಡೆಯ ಅಂಕಣದಲ್ಲಿ ಅರ ಹಿಡಿದು ಕುಳಿತು ಆಪು ಕೊಯ್ಯಲು ತೊಡಗಿದ್ದಾಳೆ. ಸೋಮವಾರ ಬೆಳಗ್ಗೆ ಪೆರುಮಾಳ್ ಅವನ್ನು ಎತ್ತಿಕೊಂಡು ಬಿಸಿಲಿಗೆ ಹಿಡಿದು ಎರಡೆರಡು ಸಲ ಅಳೆಯುತ್ತಾನೆ. ತಪ್ಪೇನೂ ಸಿಗದಿದ್ದರೆ ಆ ಹೊತ್ತು ಅವನಿಗೆ ಕಾಫಿ ಸೇರುವುದಿಲ್ಲ.