ಅತ್ತೆ ನೀರು ಕುಡಿಯುವುದನ್ನು ಬಿಟ್ಟಿದ್ದು

ಅತ್ತೆಗೆ ಮಂಡಿನೋವು ಹೆಚ್ಚಾದ ಮೇಲೆ ಹಿತ್ತಲಿನ ಸಂಡಾಸಕ್ಕೆ ಹೋಗುವುದು ಕಷ್ಟವಾಯಿತು. ಕಮತಗಿಯ ನಮ್ಮ ಮನೆ ಹಳೆಯದು. ಹಿತ್ತಲಿನ ಮೆಟ್ಟಿಲುಗಳು ಎತ್ತರ, ಮಳೆ ಬಿದ್ದರೆ ಪಾಚಿ. ಅದೇ ವರ್ಷ ದೊಡ್ಡಮಾವನವರು, ಅಂದರೆ ತೀರಿಹೋದ ನಮ್ಮ ಮಾವನವರ ಅಣ್ಣ, ಹುನಗುಂದದ ಕಡೆಯ ಹೊಲದ ಮನೆ ಬಿಟ್ಟು ನಮ್ಮಲ್ಲಿಗೇ ಇರಲು ಬಂದರು. ಇಬ್ಬರಿಗೂ ಹತ್ತಿರವಾಗಲಿ ಎಂದು ನಮ್ಮ ಮನೆಯವರು ಪಡಸಾಲೆಯ ಮೂಲೆಯಲ್ಲಿಯೇ ಹೊಸ ಸಂಡಾಸ ಕಟ್ಟಿಸಿದರು. ಕೂರುವ ಕಮೋಡು, ಗೋಡೆಗೆ ಹಿಡಿದುಕೊಳ್ಳುವ ಕಂಬಿ, ಕಾಲು ಜಾರದ ಟೈಲ್ಸು. ಹಿತ್ತಲಿನದನ್ನು ಕೆಡವಿ ಅಲ್ಲಿ ನೀರಿನ ಟಾಕಿ ಇಟ್ಟೆವು. ಓಣಿಯವರು ಬಂದು ನೋಡಿ, ಹಿರಿಯರನ್ನು ಹೀಗೆ ನೋಡಿಕೊಳ್ಳಬೇಕು ಎಂದು ಹೋದರು.

ದೊಡ್ಡಮಾವನವರಿಗೆ ಪಡಸಾಲೆಯೇ ಸರಿಹೋಯಿತು. ಬೆಳಿಗ್ಗೆ ಸ್ನಾನ ಮುಗಿಸಿ ಬೆತ್ತದ ಕುರ್ಚಿಯಲ್ಲಿ ಕೂತರೆ ಊಟಕ್ಕಷ್ಟೇ ಏಳುವುದು.

ಕೆಲವು ತಿಂಗಳಲ್ಲಿ ಅತ್ತೆ ಸೊರಗಿದರು. ತುಟಿ ಒಡೆಯಿತು, ಎದ್ದರೆ ತಲೆ ತಿರುಗುತ್ತಿತ್ತು, ಸಂಜೆಯ ಹೊತ್ತಿಗೆ ಮಾತು ಅಡ್ಡಾದಿಡ್ಡಿ. ಬಾಗಲಕೋಟೆಯ ದವಾಖಾನೆಗೆ ಕರೆದುಕೊಂಡು ಹೋದೆವು. ಮೂತ್ರದಲ್ಲಿ ಸೋಂಕು ಎಂದು ಗುಳಿಗೆ ಕೊಟ್ಟರು, ಕಡಿಮೆಯಾಯಿತು, ಮತ್ತೆ ಬಂತು. ಎರಡನೆಯ ಸಲ ಡಾಕ್ಟರು, ನೀರು ಸಾಲುತ್ತಿಲ್ಲ, ಹೀಗೇ ಆದರೆ ಕಿಡ್ನಿಗೆ ಪೆಟ್ಟು ಬೀಳುತ್ತದೆ ಎಂದು ನೇರವಾಗಿಯೇ ಹೇಳಿದರು. ಅತ್ತೆ ಮಾತ್ರ, ತಾನು ಬೇಕಾದಷ್ಟು ಕುಡಿಯುತ್ತೇನೆ ಎಂದು ಸೆರಗು ಸರಿಮಾಡಿಕೊಂಡರು.

ಆಮೇಲೆ ನಾನು ಗಮನಿಸತೊಡಗಿದೆ. ಮಂಚದ ಬಳಿಯ ತಂಬಿಗೆಯ ನೀರು ಹೆಚ್ಚುಕಡಿಮೆ ಇಟ್ಟಷ್ಟೇ ಇರುತ್ತಿತ್ತು. ರೊಟ್ಟಿಗೆ ಗಟ್ಟಿ ಪಲ್ಯವೇ ಬೇಕು, ಸಾರು ಬೇಡ. ಮಧ್ಯಾಹ್ನ ಪಡಸಾಲೆಯಿಂದ ಗೊರಕೆ ಕೇಳಿಸಿದ ಕೂಡಲೇ ಗೋಡೆ ಹಿಡಿದು ಎದ್ದು, ಆ ಮಂಡಿಯಲ್ಲಿ ಸಾಧ್ಯವಾದಷ್ಟು ಬೇಗ ಹೋಗಿ ಬರುತ್ತಿದ್ದರು. ಬಂದು ಎರಡು ಗುಟುಕು ನೀರು ಕುಡಿಯುತ್ತಿದ್ದರು, ಅಷ್ಟೇ. ಒಮ್ಮೆ ದೊಡ್ಡಮಾವನವರು ಮದುವೆಗೆಂದು ಇಳಕಲ್ಲಿಗೆ ಹೋದರು. ಅವತ್ತು ಅತ್ತೆ ಮಜ್ಜಿಗೆಯನ್ನು ಕೇಳಿ ಕೇಳಿ ಕುಡಿದರು.

ನಾನು ಪಕ್ಕದಲ್ಲಿ ಕೂತು ಕಾರಣ ಕೇಳಿದೆ. ಅತ್ತೆ ಹಾಸಿಗೆಯ ಅಂಚು ತಿರುವುತ್ತ ಹೇಳಿದರು.

“ಭಾವಾರು ಅಲ್ಲೇ ಕುಂತಿರ್ತಾರವ್ವಾ. ಲಗ್ನಾಗಿ ಬಂದಾಗಿಂದ ನಾ ಅವರ ಮುಂದ ಹಾದು ಹೋದಾಕಿ ಅಲ್ಲ. ಈಗ ದಿನಾ ಅವರ ಮುಂದ ಹಾದು ಅಲ್ಲಿಗೆ ಹೋಗ್ಲೇನು? ಎಲ್ಲಿಗೆ ಹೊಂಟಾಳ ಅಂತ ಅವರಿಗೆ ಗೊತ್ತಾಗೂದಿಲ್ಲೇನು?”

ನಾನು ಓದಿದ ಕಾನ್ವೆಂಟಿನಲ್ಲಿ ಹೊರಗೆ ಹೋಗಬೇಕಾದರೆ ಎಲ್ಲರೆದುರು ಎದ್ದು ನಿಂತು ಕೇಳಬೇಕಿತ್ತು. ಕೇಳಲಾರದೆ ಗಂಟೆ ಹೊಡೆಯುವವರೆಗೆ ಕಾಲು ಬಿಗಿಹಿಡಿದು ಕೂತದ್ದು ನೆನಪಾಯಿತು. ಅತ್ತೆಗೆ ಆ ಗಂಟೆ ಹೊಡೆಯುವುದೇ ಇಲ್ಲ.

ಪರದೆ ಹಾಕೋಣ ಎಂದರೆ, ಅದು ಊರಿಗೆಲ್ಲ ಡಂಗುರ ಹೊಡೆದಂತೆ ಎಂದರು. ಕೋಣೆಯಲ್ಲಿಯೇ ಕಮೋಡಿನ ಕುರ್ಚಿ ಇಡಬಹುದಿತ್ತು, ಆದರೆ ಗೋಡೆಯಾಚೆಗೆ ದೇವರ ಮನೆ, ಆ ಮಾತನ್ನು ಎತ್ತಲೂ ಬಿಡಲಿಲ್ಲ. ನಮ್ಮ ಮನೆಯವರಿಗೆ ದೊಡ್ಡಪ್ಪನ ಎದುರು ಬಾಯಿ ಬರದು. ಕುರ್ಚಿ ಬೇರೆಡೆ ಹಾಕಿ ಎಂದರೆ, ತಮ್ಮನ್ನು ಪಡಸಾಲೆಯಿಂದಲೇ ಎಬ್ಬಿಸಿದರು ಎಂದು ಅವರು ಅಂದುಕೊಂಡಾರು ಎಂಬ ಹೆದರಿಕೆ. ಅತ್ತೆಯನ್ನು ಕೇಳಿದ್ದರೆ ಖಂಡಿತ ಬೇಡವೆನ್ನುತ್ತಿದ್ದರು. ಕೇಳದೆ, ಮರುದಿನ ಚಹಾ ಕೊಡುವಾಗ ನಾನೇ ದೊಡ್ಡಮಾವನವರಿಗೆ ಹೇಳಿದೆ. ಸಂಡಾಸದ ಹೆಸರೆತ್ತದೆ, ಡಾಕ್ಟರು ಹೇಳಿದ್ದನ್ನೂ ಅತ್ತೆ ನೀರು ಬಿಟ್ಟದ್ದನ್ನೂ, ನೀವು ಇಲ್ಲಿ ಕೂತಿರುತ್ತೀರಿ ಎಂದು ಸಂಕೋಚಪಡುತ್ತಾರೆ ಎಂಬುದನ್ನೂ ಹೇಳಿದೆ. ಅವರು ಬಸಿಯಲ್ಲಿ ಚಹಾ ಆರಿಸುತ್ತಲೇ ಇದ್ದರು.

“ನಾ ಬಂದಾಗಿಂದ?” ಎಂದರು.

ಹೌದ್ರಿ ಎಂದೆ.

ಮರುದಿನ ಬೆಳಿಗ್ಗೆ ಕುರ್ಚಿಯನ್ನು ತಾವೇ ಎಳೆದುಕೊಂಡು ಹೊರಗಿನ ಕಟ್ಟೆಗೆ ಹೋದರು. ಒಳಗೆ ಧಗೆ ಭಾಳ ಎಂದರು. ಸಂಕ್ರಾಂತಿ ಹತ್ತಿರದ ಥಂಡಿ. ಕಿವಿಗೆ ಮಫ್ಲರು, ಮೈಮೇಲೆ ಕಂಬಳಿ, ಆದರೂ ಧಗೆಯಂತೆ. ಅತ್ತೆ ಎರಡು ದಿನ ಆರಾಮವಾಗಿ ಓಡಾಡಿದರು, ನೀರೂ ಕುಡಿದರು. ನನಗೆ ಗೆದ್ದಂತಾಗಿತ್ತು. ಮೂರನೆಯ ದಿನ ಹೊರಗಿನಿಂದ ಕೆಮ್ಮು ಕೇಳಿಸಿತು. ಅತ್ತೆಗೆ ತಡೆಯಲಾಗಲಿಲ್ಲ. ಭಾವನವರನ್ನು ಒಳಗೆ ಕರೆ ಎಂದು ನನ್ನನ್ನು ಕಳಿಸಿದರು.

ದೊಡ್ಡಮಾವನವರು ಕಂಬಳಿ ಬಿಗಿ ಮಾಡಿಕೊಂಡು ಹೇಳಿದರು. “ಮೊದಲ ಆಕಿ ಹೊಟ್ಟಿ ತುಂಬ ನೀರ ಕುಡೀಲಿ. ಆಮ್ಯಾಲ ನಾ ಒಳಗ ಬರೂದು.”

ಹೊಸ್ತಿಲ ಒಳಗಿದ್ದ ಅತ್ತೆಗೆ ಇದು ಕೇಳಿಸಿತು. ಭಾವನವರಿಗೆ ಎಲ್ಲ ಗೊತ್ತಾಗಿದೆ ಎಂದು ತಿಳಿದು ಮುಖ ಕಪ್ಪಿಟ್ಟಿತು. ನನ್ನ ಕಡೆ ನೋಡಲೇ ಇಲ್ಲ. ಮಧ್ಯಾಹ್ನ ನಾನು ಬಡಿಸಿದ್ದನ್ನು ಮುಟ್ಟದೆ ಗೋಡೆಗೆ ಮುಖ ಮಾಡಿ ಮಲಗಿದರು. ನೀರನ್ನೂ ಮುಟ್ಟಲಿಲ್ಲ. ಇದ್ದದ್ದನ್ನೂ ನಾನೇ ಕೆಡಿಸಿದೆ ಅನಿಸಿತು.

ಸಂಜೆ ಕೆಮ್ಮು ಹೆಚ್ಚಾಯಿತು. ಅತ್ತೆ ಎದ್ದು, ತಲೆತುಂಬ ಸೆರಗು ಹೊದ್ದು, ಬಾಗಿಲ ಸಂದಿಯಲ್ಲಿ ನಿಂತರು. ದೊಡ್ಡಮಾವನವರು ಕೈಯಳತೆಯಲ್ಲಿಯೇ ಇದ್ದರು. ಆದರೂ ಮಾತು ನನಗೆ.

“ಭಾವಾರಿಗೆ ಹೇಳವ್ವಾ. ಥಂಡಿ ಹಿಡದ ಮಲಗಿದ್ರ ಮಾಡಾವ್ರು ಯಾರು? ನನಗ ಮಂಡಿ ಇಲ್ಲ, ನಿನಗ ಎರಡು ಕೈ ಅಷ್ಟ ಅದಾವ. ಒಳಗ ಬರ್ಲಿ.”

“ಆಕಿಗಿ ಹೇಳು ತಂಗಿ,” ಎಂದು ಅವರು ಬೀದಿಯ ಕಡೆಗೇ ನೋಡುತ್ತ ಹೇಳಿದರು, “ಬರ್ತೇನಿ. ಆದ್ರ ಬೀದಿ ಕಡೆ ಮಾರಿ ಮಾಡಿ ಕುಂದ್ರತೇನಿ. ನನಗ ಈಗ ಕಿವಿನೂ ಕೇಳಸೂದಿಲ್ಲ.”

ಕೆರೂರಿಗೆ ಹೋಗುವ ಬಸ್ಸಿನ ಹಾರನ್ನನ್ನು ಓಣಿಯ ಆಚೆಯಿಂದ ಗುರುತಿಸುವ ಕಿವಿ ಅದು. ಅತ್ತೆ ಒಳಗೆ ಹೋಗಿ, ಗಟಗಟ ನೀರು ಕುಡಿದರು. ನನ್ನೊಡನೆ ಮಾತಾಡಿದ್ದು ಮರುದಿನ, ಅದೂ ಒಗ್ಗರಣೆಗೆ ಇಂಗು ಹೆಚ್ಚಾಗಿದೆ ಎಂದು.

ಅಂದಿನಿಂದ ಕುರ್ಚಿ ಕಿಟಕಿಗೆ ಎದುರಾಗಿ, ಸಂಡಾಸದ ಬಾಗಿಲಿಗೆ ಬೆನ್ನಾಗಿ ಇದೆ. ಸೋಂಕು ಮತ್ತೆ ಬಂದಿಲ್ಲ. ಬಂದ ನೆಂಟರು ದೊಡ್ಡಮಾವನವರ ಕಾಲು ಮುಟ್ಟಬೇಕಾದರೆ ಕುರ್ಚಿಗೂ ಗೋಡೆಗೂ ನಡುವೆ ನುಸುಳಬೇಕು. ಮೊನ್ನೆ ಬಾದಾಮಿಯಿಂದ ಬಂದ ಬೀಗರೊಬ್ಬರು, ಹಿರಿಯರೇ ಈ ಕಡೆ ತಿರುಗ್ರಿ, ಮಾತಾಡೋಣ ಎಂದು ಕುರ್ಚಿಗೇ ಕೈಹಾಕಿದರು. ದೊಡ್ಡಮಾವನವರು ಕಿವಿಗೆ ಕೈ ಅಡ್ಡ ಹಿಡಿದು, ಕೇಳಿಸಲಿಲ್ಲ, ಇನ್ನೊಮ್ಮೆ ಹೇಳ್ರಿ ಎಂದರು. ಬೀಗರು ಬಗ್ಗಿ ಅವರ ಕಿವಿಯಲ್ಲಿ ಜೋರಾಗಿ ಹೇಳುತ್ತಿರುವಾಗ, ಹಿಂದಿನಿಂದ ಅತ್ತೆ ಕಂಬಿ ಹಿಡಿದು ಸಾವಕಾಶ ಒಳಗೆ ಹೋಗಿ ಚಿಲಕ ಹಾಕಿಕೊಂಡರು.