ಗುಜರಿಗೆ ಹೋದ ವಿಳಾಸ

ಮುಟ್ಟದೆ ಇಟ್ಟ ದುಡ್ಡನ್ನು ಬ್ಯಾಂಕು ಉಳಿತಾಯ ಅನ್ನುವುದಿಲ್ಲ. ಒಂದೆರಡು ವರ್ಷ ನೀವು ಕೈ ಹಾಕದಿದ್ದರೆ ಅದಕ್ಕೆ ನಿಷ್ಕ್ರಿಯ ಖಾತೆ ಎಂದು ಹೆಸರಿಟ್ಟು ಬೀಗ ಜಡಿಯುತ್ತದೆ. ಖಾತೆ ತೆರೆದ ದಿನ ನಾವು ನೀವೆಲ್ಲ ಓದದೆಯೇ ‘ಒಪ್ಪಿದ್ದೇನೆ’ ಎಂದು ಒತ್ತಿದೆವಲ್ಲ, ಈ ಮಾತು ಅದರಲ್ಲೇ ಇರುತ್ತದೆ.

ಇಸ್ತ್ರಿಯಕ್ಕನಿಗೆ ಇದು ಗೊತ್ತಾದದ್ದು ಒಂದು ಸೋಮವಾರ ಬೆಳಿಗ್ಗೆ, ಡ್ರೈಕ್ಲೀನಿಂಗ್ ಅಂಗಡಿಯ ಹಿಂದಿನ ಕೋಣೆಯಲ್ಲಿ, ಇಸ್ತ್ರಿ ಯಂತ್ರ ಕಾಯುವ ಹತ್ತು ನಿಮಿಷದ ಬಿಡುವಿನಲ್ಲಿ.

ಈ ಅಂಗಡಿಗೆ ಬರುವ ಮೊದಲು ಒಂಬತ್ತು ವರ್ಷ ಅವಳು ಪ್ರವಾಸಿಗರ ಹಡಗೊಂದರ ತಳದಲ್ಲಿ ಹಾಸಿಗೆ ಬಟ್ಟೆಗಳಿಗೆ ಇಸ್ತ್ರಿ ಹಾಕಿದ್ದಳು. “ಒಂಬತ್ತು ವರ್ಷ ಸಮುದ್ರದ ಮೇಲಿದ್ದೆ. ಸಮುದ್ರ ನೋಡಿದ್ದು ಮಾತ್ರ ರಜೆಯಲ್ಲಿ” ಎಂದು ನಗಿಸುತ್ತಿದ್ದಳು. ಸಂಬಳ ಡಾಲರಿನಲ್ಲಿ, ಭಕ್ಷೀಸು ಯೂರೋದಲ್ಲೋ ಪೌಂಡಿನಲ್ಲೋ. ಒಂದನ್ನು ಇನ್ನೊಂದಕ್ಕೆ ಬದಲಾಯಿಸಿದಾಗಲೆಲ್ಲ ನಡುವಿನವರು ಒಂದು ತುತ್ತು ಕಚ್ಚಿಕೊಳ್ಳುತ್ತಿದ್ದರು. ಅದಕ್ಕೇ ಹಡಗಿನವರೆಲ್ಲ ಹೊರದೇಶದ ಒಂದು ಬ್ಯಾಂಕಿನಲ್ಲಿ ಖಾತೆ ತೆರೆದರು. ಒಂದೇ ಖಾತೆ, ಒಳಗೆ ಮೂರು ಬಗೆಯ ದುಡ್ಡು ಬೇರೆ ಬೇರೆಯಾಗಿ. ಬಟ್ಟೆ ಒಗೆಯುವವರ ಬಾಯಲ್ಲಿ ಅದು ‘ಮೂರು ಕಿಸೆ’ ಆಯಿತು. ಇಸ್ತ್ರಿಯಕ್ಕನ ಡಾಲರಿನ ಕಿಸೆ ಮುಪ್ಪಿಗೆ, ಪೌಂಡಿನದು ಚಿಲ್ಲರೆಗೆ. ಯೂರೋ ಕಿಸೆ ತಂಗಿಯ ಬಳಿ ಹೋಗಿಬರಲು. ತಂಗಿ ಕೆಲಸ ಹಿಡಿದು ನೆಲೆ ನಿಂತದ್ದು ಆ ದುಡ್ಡು ಚಲಾವಣೆಯಲ್ಲಿರುವ ದೇಶದಲ್ಲಿ.

ಇಲ್ಲಿಯವರೆಗೆ ಅವಳು ಮಾಡಿದ್ದರಲ್ಲಿ ಒಂದೂ ತಪ್ಪಿಲ್ಲ. ಹಡಗು ಬಿಟ್ಟ ಮೇಲೆ ಎರಡೂವರೆ ವರ್ಷ ಖಾತೆಯನ್ನು ತೆರೆದೂ ನೋಡಲಿಲ್ಲ. ನೋಡಿದರೆ ಬೇಕು ಅನಿಸುತ್ತೆ, ಮುಟ್ಟಿದರೆ ಕರಗುತ್ತೆ ಎಂಬುದು ತಾಯಿ ಕಲಿಸಿದ ಪಾಠ. ಅದರ ಬಗ್ಗೆ ಅವಳಿಗೆ ಹೆಮ್ಮೆಯೂ ಇತ್ತು.

ಈಗ ತಂಗಿಗೆ ಎಂಟು ತಿಂಗಳು ತುಂಬಿತ್ತು. ರಕ್ತದೊತ್ತಡ ಏರುತ್ತಿತ್ತು. ಗಂಡ ಸರಕು ಹಡಗಿನವನು, ಇನ್ನು ಮೂರು ತಿಂಗಳು ದಡ ಕಾಣುವಂತಿರಲಿಲ್ಲ. ಜೊತೆಗೊಬ್ಬರು ಇರಲೇಬೇಕು ಎಂದು ಡಾಕ್ಟರು ಹೇಳಿದ್ದರು. ಇಸ್ತ್ರಿಯಕ್ಕನಿಗೆ ವೀಸಾ ಸಂದರ್ಶನ ಗುರುವಾರ. ಕೈಯಲ್ಲಿ ದುಡ್ಡಿದೆ ಎಂದು ತೋರಿಸುವ ಬ್ಯಾಂಕ್ ಸ್ಟೇಟ್‌ಮೆಂಟ್ ಬೇಕಿತ್ತು. ಅದಕ್ಕೆಂದೇ ಅವತ್ತು ಮೊಬೈಲ್ ತೆರೆದಳು.

‘ನಿಮ್ಮ ಖಾತೆ ನಿಷ್ಕ್ರಿಯವಾಗಿದೆ. 41ರಲ್ಲಿ ಕೊನೆಯಾಗುವ ನಂಬರಿಗೆ ಕೋಡ್ ಕಳಿಸಲಾಗಿದೆ.’

ಅದು ಯಾವುದೋ ಬಂದರಿನಲ್ಲಿ ಕೊಂಡ ಸಿಮ್. ಗಿರಾಕಿಗಳ ಉದುರಿದ ಗುಂಡಿಗಳನ್ನು ಹಾಕಿಡುವ ಡಬ್ಬಿಯಲ್ಲೇ ಬಿದ್ದಿತ್ತು. ಹುಡುಕಿ, ಸೆರಗಿನಲ್ಲಿ ಒರೆಸಿ, ಮೊಬೈಲಿಗೆ ಹಾಕಿದಳು. ನೆಟ್‌ವರ್ಕ್ ಇಲ್ಲ. ತೆಗೆದು, ಊದಿ, ಮತ್ತೆ ಹಾಕಿದಳು. ಇಲ್ಲ. ರೀಚಾರ್ಜ್ ಕಾಣದೆ ಆ ನಂಬರು ಯಾವತ್ತೋ ಸತ್ತಿತ್ತು. ಅವತ್ತು ಅವಳು ಒಂದು ಬಿಳಿ ಅಂಗಿಯ ಕಾಲರು ಸುಟ್ಟಳು. ಈ ಅಂಗಡಿಗೆ ಬಂದ ಮೇಲೆ ಅದೇ ಮೊದಲು.

ಬ್ಯಾಂಕಿಗೆ ಫೋನ್ ಮಾಡಿದರೆ ನಲವತ್ತು ನಿಮಿಷ ಸಂಗೀತ. ಕೊನೆಗೊಂದು ಹೆಣ್ಣು ದನಿ.

“ನಿಮ್ಮ ವಿಳಾಸ ಹೇಳಿ, ಮೇಡಂ.”

ಹೇಳಿದಳು.

“ನಮ್ಮಲ್ಲಿ ಬೇರೆ ಇದೆಯಲ್ಲ?”

ಆಗ ನೆನಪಾಯಿತು. ಅರ್ಜಿಯಲ್ಲಿ ‘ಈಗ ವಾಸವಿರುವ ಸ್ಥಳ’ ಎಂದು ಕೇಳಿದ್ದರು. ಹಡಗಿನವರೆಲ್ಲ ಪ್ರಾಮಾಣಿಕವಾಗಿ ಇದ್ದದ್ದನ್ನೇ ಬರೆದಿದ್ದರು. ಹಡಗಿನ ಹೆಸರು, ಕೆಳಗಿನ ಅಂತಸ್ತು, ಕೋಣೆ ನಂಬರು.

“ಅದೇ, ಹಡಗಿನ ವಿಳಾಸ” ಎಂದಳು.

“ಆ ವಿಳಾಸಕ್ಕೆ ಮೂರು ಪತ್ರ ಹಾಕಿದೀವಿ. ನೀವು ಉತ್ತರಾನೇ ಕೊಟ್ಟಿಲ್ಲ.”

“ಎಲ್ಲಿಂದ ಕೊಡ್ಲಿ ತಾಯಿ? ಆ ಹಡಗನ್ನ ಒಡೆದು ಗುಜರಿಗೆ ಹಾಕಿ ಎರಡು ವರ್ಷ ಆಯ್ತು.”

ಆ ಕಡೆ ಕೀಲಿಮಣೆಯ ಟಕಟಕ. “ಹಾಗಾದ್ರೆ ನೀವು ಅಲ್ಲಿ ವಾಸ ಇದ್ರಿ ಅನ್ನೋಕೆ ಒಂದು ದಾಖಲೆ ಕಳಿಸಿ. ಕರೆಂಟ್ ಬಿಲ್ ಆದ್ರೂ ನಡೆಯುತ್ತೆ.”

“ಹಡಗಿನ ಕೋಣೆಗೆ ಕರೆಂಟ್ ಬಿಲ್ಲಾ?”

“ನಿಯಮ, ಮೇಡಂ.”

“ತಡ ಆದ್ರೆ ಏನಾಗುತ್ತೆ?”

“ಇನ್ನಷ್ಟು ಕಾಲ ಹೀಗೇ ಇದ್ರೆ ವಾರಸುದಾರರಿಲ್ಲದ ದುಡ್ಡು ಅಂತ ಆಗುತ್ತೆ.”

ಮೂರು ಪತ್ರ ಹಾಕಿದವರ ಬಳಿ ಅವಳ ಇಮೇಲ್ ಇತ್ತು. ಅದಕ್ಕೆ ಒಂದು ಸಾಲು ಗೀಚಲು ಕೈ ಬರಲಿಲ್ಲ. ತಲುಪಬೇಕೆಂಬ ಆಸೆ ಇದ್ದವರು ಹೀಗೆ ಪತ್ರ ಹಾಕುವುದಿಲ್ಲ. ಹಾಕಿದ್ದೇವೆ ಎಂದು ಕಡತದಲ್ಲಿ ಬರೆದುಕೊಳ್ಳಬೇಕಾದವರು ಹಾಕುತ್ತಾರೆ.

ಫೋನಿಟ್ಟು ತಿರುಗಿದರೆ ಬಾಗಿಲಲ್ಲಿ ಯಜಮಾನ. “ಇಸ್ತ್ರಿಯಕ್ಕ, ಕೊನೇ ಸಾಲಿನಲ್ಲಿ ತೊಂಬತ್ತು ದಾಟಿದ್ದನ್ನೆಲ್ಲ ಇಳಿಸಿಬಿಡಿ. ಹಳೇ ಬಟ್ಟೆಯವನು ಸಂಜೆ ಬರ್ತಾನೆ.”

ಗೋಡೆಯ ಮೇಲೆ ಬೋರ್ಡಿತ್ತು. ‘ತೊಂಬತ್ತು ದಿನದೊಳಗೆ ಒಯ್ಯದ ಬಟ್ಟೆಗೆ ಅಂಗಡಿ ಹೊಣೆಯಲ್ಲ.’ ಹಿಂದಿನ ತಿಂಗಳು ಒಬ್ಬ ಮುದುಕ ಚೀಟಿ ಹಿಡಿದು ಕೋಟು ಕೇಳಲು ಬಂದಿದ್ದ. ನಾಲ್ಕು ತಿಂಗಳು ಆಸ್ಪತ್ರೆಯಲ್ಲಿದ್ದನಂತೆ. ಕೋಟು ಮಾರಿಹೋಗಿತ್ತು. ಇಸ್ತ್ರಿಯಕ್ಕ ಬೋರ್ಡು ತೋರಿಸಿ “ಓದ್ಕೊಳ್ಳಿ ಅಜ್ಜ” ಅಂದಿದ್ದಳು. ಅವನು ಬೆರಳಿಟ್ಟು ಒಂದೊಂದೇ ಅಕ್ಷರ ಓದಿ, ಹೊರಟುಹೋಗಿದ್ದ. ಅಂಗಡಿಯಲ್ಲೇ ಉಳಿದ ಚೀಟಿಯ ಪ್ರತಿಯ ಮೂಲೆಯಲ್ಲಿ ಅವನ ಫೋನ್ ನಂಬರು ಇತ್ತು.

ಹ್ಯಾಂಗರ್ ಇಳಿಸುತ್ತ ಅವಳು ಪ್ರತಿ ಚೀಟಿಯ ಮೂಲೆ ತಿರುಗಿಸಿ ನೋಡಿದಳು.

ಮಧ್ಯಾಹ್ನ ಮನೆಗೆ ಓಡಿ, ನಾವಿಕರಿಗೆ ಕೊಡುವ ಸೇವಾ ಪುಸ್ತಕ ಹುಡುಕಿದಳು. ಯಾವ ಹಡಗು, ಯಾವತ್ತು ಹತ್ತಿದ್ದು, ಯಾವತ್ತು ಇಳಿದದ್ದು, ಪ್ರತಿ ಪುಟಕ್ಕೂ ಕ್ಯಾಪ್ಟನ್ನನ ಮುದ್ರೆ. ಎಲ್ಲ ಪುಟದ ಫೋಟೋ ತೆಗೆದು ಕಳಿಸಿದಳು. ಉತ್ತರ ತಕ್ಷಣ ಬಂತು: ‘ಪರಿಶೀಲನೆಯಲ್ಲಿದೆ.’ ಮಂಗಳವಾರವೂ ಅದೇ. ಬುಧವಾರವೂ ಅದೇ.

ಗುರುವಾರ ವೀಸಾ ಕಚೇರಿಯ ಗಾಜಿನ ಹಿಂದಿದ್ದ ಅಧಿಕಾರಿ ಅದೇ ಪುಸ್ತಕ ತಿರುವಿದ. “ದುಡಿದಿದ್ದೀರಿ ಅಂತ ಗೊತ್ತಾಗುತ್ತೆ. ದುಡ್ಡು ಇದೆ ಅಂತ ಗೊತ್ತಾಗಲ್ಲ.” ಮುಂದಿನ ದಿನಾಂಕ ಐದು ವಾರದಾಚೆ ಕೊಟ್ಟ. ತಂಗಿಯ ಹೆರಿಗೆಗೆ ನಾಲ್ಕು ವಾರವಿತ್ತು.

“ಬಿಪಿ ನೂರೈವತ್ತಾಗಿದೆ ಅಕ್ಕ” ಎಂದಳು ತಂಗಿ ಫೋನಿನಲ್ಲಿ. “ಪಾದ ನೋಡಿದ್ರೆ ನಗ್ತೀಯ. ಚಪ್ಪಲಿನೇ ಹಿಡಿಸ್ತಿಲ್ಲ.”

“ಉಪ್ಪು ಮುಟ್ಟಬೇಡ ಕಣೇ.”

“ನೀನು ಬಂದು ಬೈಯಿ. ಫೋನಲ್ಲಿ ಬೈದ್ರೆ ನಾನು ಕೇಳಲ್ಲ.”

ಅಲ್ಲಿಂದ ಮುಂದೆ ಇಸ್ತ್ರಿಯಕ್ಕ ಮೊಬೈಲನ್ನು ಕುಪ್ಪಸದೊಳಗೆ ಇಟ್ಟುಕೊಂಡೇ ಕೆಲಸ ಮಾಡಿದಳು. ಅದು ಗುರ್ ಎಂದಾಗಲೆಲ್ಲ ಬ್ಯಾಂಕೋ ಆಸ್ಪತ್ರೆಯೋ ಎಂದು ಇಸ್ತ್ರಿ ಎತ್ತಿಟ್ಟು ತೆಗೆದು ನೋಡುತ್ತಿದ್ದಳು. ನೂರ ಅರವತ್ತು. ನೂರ ಎಪ್ಪತ್ತು. ಆಮೇಲೆ ಎರಡು ದಿನ ತಂಗಿ ಫೋನೇ ಎತ್ತಲಿಲ್ಲ. ಆ ಎರಡು ದಿನ ಇಸ್ತ್ರಿಯಕ್ಕ ಬಾಯಿಗೆ ಅನ್ನ ಇಡಲಿಲ್ಲ, ಸಿಮ್ ತೆಗೆದು ಊದಿ ಹಾಕುತ್ತಿದ್ದಳು. ಸತ್ತ ಸಿಮ್ಮನ್ನೂ ಊದಿದಳು.

ಮೂರನೇ ದಿನ ಒಂದು ಫೋಟೋ ಬಂತು. ಹಾಸಿಗೆಯಲ್ಲಿ ತಂಗಿ, ಕೈಗೆ ನಳಿಕೆ, ಮಗು ಗಾಜಿನ ಪೆಟ್ಟಿಗೆಯಲ್ಲಿ. ಇಬ್ಬರೂ ಬದುಕಿದ್ದರು. ಜೊತೆಗಿರುವವರು ಕೂರುವ ಕುರ್ಚಿಯ ಮೇಲೆ ತಂಗಿ ತಾನೇ ಬಿಚ್ಚಿಟ್ಟ ಕೋಟು.

ಮಗುವಿಗೆ ಹನ್ನೊಂದು ದಿನವಾದಾಗ ಬ್ಯಾಂಕಿನ ಖಾತೆ ಎದ್ದು ಕೂತಿತು. ಮೂರು ಕಿಸೆಯಲ್ಲೂ ಒಂದು ಕಾಸು ಕಡಮೆಯಿರಲಿಲ್ಲ. ‘ಅನನುಕೂಲಕ್ಕೆ ವಿಷಾದಿಸುತ್ತೇವೆ’ ಎಂಬ ಸಾಲಿತ್ತು. ಯೂರೋ ಕಿಸೆಯ ದುಡ್ಡು ಹುಟ್ಟಿದ್ದೇ ಆ ಕುರ್ಚಿಗಾಗಿ. ಕುರ್ಚಿ ಬೇಕಾದ ದಿನ ಕಳೆದುಹೋಗಿತ್ತು.

ಈಗ ಅವಳು ಎಂಬತ್ತು ದಿನ ದಾಟಿದ ಬಟ್ಟೆಯ ಚೀಟಿ ನೋಡಿ ಗಿರಾಕಿಗಳಿಗೆ ಫೋನ್ ಮಾಡುತ್ತಾಳೆ. “ಆ ಖರ್ಚು ಯಾರ ತಲೆ ಮೇಲೆ?” ಎಂದು ಯಜಮಾನ ಕೇಳಿದ್ದಕ್ಕೆ “ನನ್ನ ತಲೆ ಮೇಲೆ ಬರ್ಕೊಳ್ಳಿ ಯಜಮಾನ್ರೇ” ಅಂದಳು. ಮುದುಕನ ನಂಬರಿಗೆ ಮೂರು ಸಲ ಮಾಡಿದ್ದಾಳೆ. ಯಾರೂ ಎತ್ತಿಲ್ಲ.

ಎಲ್ಲೋ ದೂರದ ಬ್ಯಾಂಕಿನಲ್ಲಿ, ಯಾವುದೋ ದೇಶದ ದುಡ್ಡಿನಲ್ಲಿ, ಆಪತ್ತಿಗಾಗುತ್ತದೆ ಎಂದು ಮುಟ್ಟದೆ ಇಟ್ಟವರು ನಿಮ್ಮಲ್ಲೂ ಇದ್ದೀರಿ. ಅದರ ಕೋಡ್ ಯಾವ ನಂಬರಿಗೆ ಬರುತ್ತದೆ, ಪತ್ರ ಯಾವ ವಿಳಾಸಕ್ಕೆ ಹೋಗುತ್ತದೆ, ಈಗಲೇ ತೆರೆದು ನೋಡಿ. ನಾಳೆ ಅನ್ನಬೇಡಿ. ಈ ಪುಟವನ್ನು ಕೆಳಗಿಟ್ಟು ಏಳಿ.