ಇನ್ನೊಂದು ಬರ್ಲಿ

ಬಸವನಗುಡಿಯ ನಮ್ಮ ವಠಾರದಲ್ಲಿದ್ದ ಲೆಕ್ಕದ ಮೇಷ್ಟ್ರು ಮದುವೆಯೂಟಕ್ಕೆ ಕೂತರೆ, ಉಂಡ ಕೈ ಒಣಗಿದರೂ ಪಂಕ್ತಿಯೆಲ್ಲ ಅವರಿಗಾಗಿ ಕಾಯುತ್ತಿತ್ತು. ಒಬ್ಬಟ್ಟು ಬಡಿಸುವವರು ಕಂಡರೆ ಸಾಕು, ಬೆರಳೆತ್ತಿ "ಇನ್ನೊಂದು ಬರ್ಲಿ" ಅನ್ನುತ್ತಿದ್ದರು.

ತೂಕ ಇಳಿಸಲೆಂದು ಆಪರೇಷನ್ ಮಾಡಿ ನಾಲ್ಕು ತುತ್ತಿಗಿಂತ ಹೆಚ್ಚು ಹಿಡಿಸದ ಹಾಗೆ ಹೊಟ್ಟೆಗೆ ಬ್ಯಾಂಡ್ ಹಾಕಿದ ಮೇಲೂ ಕೊನೆಗೆ ಏಳುವವರು ಅವರೇ. ಒಂದೊಂದು ತುತ್ತನ್ನೂ ನುಣ್ಣಗೆ ಅಗಿದು, ಎದೆಯ ಮೇಲೆ ಕೈಯಿಟ್ಟು, ಅದು ಇಳಿಯುವವರೆಗೆ ಕಣ್ಣು ಮುಚ್ಚಿಕೊಂಡು ಕೂರುತ್ತಿದ್ದರು.

ಎದುರುಮನೆಯವರ ಮದುವೆಯಲ್ಲಿ ಅವರ ಪಕ್ಕ ಕೂತಿದ್ದೆ. ಒಬ್ಬಟ್ಟು ಬಂತು. ಅವರು ಎಂದಿನಂತೆ ಬೆರಳೆತ್ತಿದರು. ಆಮೇಲೆ ಅದನ್ನು ನನ್ನ ಎಲೆಯ ಕಡೆ ತಿರುಗಿಸಿ, "ಇವ್ನಿಗೆ ಇನ್ನೊಂದು ಬರ್ಲಿ" ಅಂದರು.

ನನ್ನ ಹೊಟ್ಟೆ ತುಂಬಿತ್ತು. ಆದರೂ ತುಪ್ಪ ಹಾಕಿಸಿಕೊಂಡು, ಮುರಿದು ಬಾಯಿಗಿಟ್ಟೆ. ನೋಡುತ್ತಲೇ ಇದ್ದ ಮೇಷ್ಟ್ರು ಮೆಲ್ಲಗೆ ಕೇಳಿದರು: "ಏಲಕ್ಕಿ ಹಾಕಿದಾರೇನೋ?"